ಪ್ಲಗ್ಗಿನ ಮುಂದಿನ ಕೊಡ

ಈಚೆಗೆ ನಮ್ಮ ಮನೆಯ ಪೋರ್ಟಿಕೋ ನೋಡಲು ಜನ ಬರತೊಡಗಿದ್ದಾರೆ. ಅಲ್ಲಿ ಅಂಥದ್ದೇನೂ ಇಲ್ಲ. ಒಂದು ಕರೆಂಟಿನ ಕಾರು, ಒಂದು ಕರೆಂಟಿನ ಸ್ಕೂಟರು, ಗೋಡೆಗೆ ಬಡಿದ ಚಾರ್ಜಿಂಗ್ ಪೆಟ್ಟಿಗೆ, ಅಷ್ಟೇ. ಆದರೆ ಎರಡನ್ನೂ ಒಟ್ಟಿಗೆ ಸಾಕುತ್ತಿರುವ ಮನೆ ನಮ್ಮ ಬೀದಿಯಲ್ಲಿ ಸದ್ಯಕ್ಕೆ ಇದೊಂದೇ. ಹೀಗಾಗಿ ಹೊಸದಾಗಿ ಗಾಡಿ ಕೊಳ್ಳಬೇಕೆಂದಿರುವವರೆಲ್ಲ ಒಮ್ಮೆ ಬಂದು, ಚಹಾ ಕುಡಿದು, ನನ್ನ ಭಾಷಣ ಕೇಳಿಕೊಂಡು ಹೋಗುತ್ತಾರೆ. ನಾನು ಹರಿಹರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಕೇಳುವವರು ಸಿಕ್ಕರೆ ಸುಮ್ಮನೆ ಬಿಟ್ಟು ಕಳಿಸಿ ಗೊತ್ತಿಲ್ಲ.

ನಾನು ಹೇಳುವುದು ಇಷ್ಟು. ಇರುವ ಪವರ್ ಪ್ಲಗ್ಗಿಗೇ ಹಚ್ಚಿಕೊಂಡು ಹೋಗಬಹುದು. ನಿಧಾನ, ಆದರೆ ರಾತ್ರಿ ಹಚ್ಚಿದರೆ ಬೆಳಿಗ್ಗೆಗೆ ತುಂಬುತ್ತದೆ, ಒಂದೇ ಗಾಡಿ ಇದ್ದವರಿಗೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ. ಎರಡು ಗಾಡಿ ಇದ್ದರೆ ಗೋಡೆಯ ಪೆಟ್ಟಿಗೆ ಹಾಕಿಸಿ, ಅದಕ್ಕೆ ಮೀಟರಿನಿಂದಲೇ ದಪ್ಪ ವೈರು ಎಳೆಸಿ, ಕರೆಂಟ್ ಆಫೀಸಿಗೆ ಅರ್ಜಿ ಕೊಟ್ಟು ಮನೆಯ ಲೋಡು ಹೆಚ್ಚಿಸಿಕೊಳ್ಳಿ. ಗಾಡಿಗಳಿಗೆಂದೇ ಬೇರೆ ಮೀಟರನ್ನೂ ಹಾಕಿಸಬಹುದು. ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಇದಾವುದನ್ನೂ ಮಾಡಬೇಡಿ. ತಾರಸಿ ಮೇಲೆ ಸೋಲಾರ್ ಹಾಕಿಸಿದರೆ ಇನ್ನೂ ಚೆನ್ನ. ನಮ್ಮ ಮನೆಯಲ್ಲಿ ಮಾತ್ರ ನಮ್ಮ ಅತ್ತೆ ಹಪ್ಪಳ ಸಂಡಿಗೆ ಒಣಗಿಸುವ ಜಾಗ ಬಿಟ್ಟುಕೊಡುವ ತನಕ ಆ ಮಾತು ಎತ್ತುವಂತಿಲ್ಲ.

ಎಲ್ಲರೂ ತಲೆಯಾಡಿಸುತ್ತ ಕೇಳುತ್ತಾರೆ. ಕೇಳಿ ಮುಗಿಸಿ, ಚಪ್ಪಲಿ ಮೆಟ್ಟಿಕೊಳ್ಳುವಾಗ ತಪ್ಪದೆ ಒಂದು ಪ್ರಶ್ನೆ ಹಾಕುತ್ತಾರೆ.

"ಅದೆಲ್ಲ ಸರಿ ಟೀಚರ್, ಪ್ಲಗ್ಗಿನ ಮುಂದೆ ಕೊಡ ಯಾಕ ಇಟ್ಟೀರಿ? ನಿಮ್ಮ ಕಡಿ ನೀರು ಬರಲ್ಲೇನು?"

ನೀರು ಚೆನ್ನಾಗಿಯೇ ಬರುತ್ತದೆ. ಅಲ್ಲಿರುವವುಗಳಲ್ಲಿ ಕುತ್ತಿಗೆ ಹತ್ತಿರ ನೆಗ್ಗಿದ ಹಿತ್ತಾಳೆ ಕೊಡ ನನ್ನದು, ತವರಿನಿಂದ ಬಂದದ್ದು. ಉಳಿದವು ಯಾರವೆಂದು ಆಮೇಲೆ ಹೇಳುತ್ತೇನೆ.

ಹರಿಹರದಲ್ಲಿ ಹೊಳೆ ಊರಿನ ಮಗ್ಗುಲಲ್ಲೇ ಹರಿಯುತ್ತದೆ. ಆದರೂ ನಾನು ಸಣ್ಣವಳಿದ್ದಾಗ ನಮ್ಮ ಓಣಿಗೆ ಕುಡಿಯುವ ನೀರು ಬರುತ್ತಿದ್ದದ್ದು ಒಂದೇ ಒಂದು ಬೀದಿ ನಲ್ಲಿಯಲ್ಲಿ, ಅದೂ ಅದಕ್ಕೆ ಮನಸ್ಸು ಬಂದಾಗ. ನೀರು ಬರುವ ಮುಂಚೆ ನಲ್ಲಿ ಒಂದಿಷ್ಟು ಹೊತ್ತು ಗೊರಕೆ ಹೊಡೆಯುತ್ತಿತ್ತು. ಅಷ್ಟರೊಳಗೆ ಓಣಿಯ ಕೊಡಗಳೆಲ್ಲ ಸಾಲಾಗಿ ಕೂತಿರುತ್ತಿದ್ದವು. ಕೊಡ ಸಾಲಿನಲ್ಲಿದ್ದರೆ ಅದರ ಒಡತಿ ಸಾಲಿನಲ್ಲಿದ್ದಂತೆಯೇ ಲೆಕ್ಕ. ಅವಳು ಒಳಗೆ ರೊಟ್ಟಿ ಬಡಿಯುತ್ತಿರಲಿ, ಮಗುವಿಗೆ ಎಣ್ಣೆ ಹಚ್ಚುತ್ತಿರಲಿ, ಅವಳ ಪಾಳಿ ಅವಳದೇ. ಒಬ್ಬರ ಕೊಡವನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಅಕ್ಕಿ ಗಿರಣಿಯವರ ಮನೆಯ ದೊಡ್ಡ ತಾಮ್ರದ ಕೊಡ ಬಂದರೂ ನಮ್ಮವ್ವನ ಹಿತ್ತಾಳೆ ಕೊಡದ ಹಿಂದೆಯೇ ಕೂರಬೇಕಾಗಿತ್ತು.

ಒಮ್ಮೆ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸೊಬ್ಬಳು ನಾಲ್ಕು ಕೊಡ ಆಚೆ ಸರಿಸಿ ತನ್ನದನ್ನು ಮುಂದೆ ಇಟ್ಟಳು. ಜಗಳವಾಗುತ್ತದೆಂದು ನಾವು ಹುಡುಗಿಯರೆಲ್ಲ ಆಸೆಯಿಂದ ಕಾದೆವು. ಯಾರೂ ಬೈಯಲಿಲ್ಲ. ನಮ್ಮವ್ವ ಅವಳ ಕೊಡವನ್ನು ಎತ್ತಿಕೊಂಡು ಹೋಗಿ, ಸೆರಗಿನಿಂದ ಒರೆಸಿ, ಅವಳ ಮನೆಯ ಹೊಸ್ತಿಲ ಮೇಲೆ ಇಟ್ಟು ಬಂದಳು. ಆ ಹೆಂಗಸು ಸ್ವಲ್ಪ ದಿನಕ್ಕೇ ನಮ್ಮ ಸಾಲಿನ ಕಾವಲು ಕಾಯುವವಳಾದಳು, ಅವಳಷ್ಟು ಕಟ್ಟುನಿಟ್ಟಿನವರು ಆಮೇಲೆ ಯಾರೂ ಬರಲಿಲ್ಲ.

ಸಾಲಿಗೆ ಕೊಡ ಇಟ್ಟು ಬರುವುದು ನನ್ನ ಕೆಲಸ. ಇಟ್ಟ ಮೇಲೆ ಅಲ್ಲೇ ನಿಲ್ಲಲು ಹೊರಟರೆ ಅವ್ವ ಕೂಗುತ್ತಿದ್ದಳು. "ಕೊಡ ನಿಂತೈತಲ್ಲ, ನೀನು ಬಂದು ಓದ್ಕ." ನಾನು ಕಟ್ಟೆಯ ಮೇಲೆ ಕೂತು ಮಗ್ಗಿ ಹೇಳುತ್ತಿದ್ದೆ, ನನ್ನ ಬದಲಿಗೆ ಕೊಡ ನಿಲ್ಲುತ್ತಿತ್ತು. ನಾನು ಟೀಚರಾದದ್ದರಲ್ಲಿ ಆ ಕೊಡಕ್ಕೂ ಪಾಲಿದೆ ಎಂದೇ ನಂಬಿದ್ದೇನೆ. ಮದುವೆಯಲ್ಲಿ ಅವ್ವ ಅದನ್ನೇ ತಿಕ್ಕಿ ತೊಳೆದು ನನಗೆ ಕೊಟ್ಟಳು.

ಸೇರಿದ ಮನೆಯಲ್ಲಿ ಅದಕ್ಕೆ ಕೆಲಸವಿರಲಿಲ್ಲ. ನಮ್ಮ ಮನೆಯವರದು ದಾವಣಗೆರೆಯ ಮಂಡಿಪೇಟೆಯಲ್ಲಿ ಹುಣಸೆಹಣ್ಣು, ಒಣಮೆಣಸಿನಕಾಯಿಯ ಸಗಟು ಅಂಗಡಿ, ಅವರ ಅಜ್ಜನ ಕಾಲದ್ದು. ಮನೆಯ ಹಿತ್ತಲಲ್ಲೇ ಬಾವಿ, ಆಮೇಲೆ ಬೋರು, ತಾರಸಿ ಮೇಲೆ ಟ್ಯಾಂಕು. ಹೀಗೆ ಬೆಳೆದ ಮನುಷ್ಯ ಹುಟ್ಟಿದಾಗಿನಿಂದ ಒಂದು ಸಾಲಿನಲ್ಲೂ ನಿಂತಿಲ್ಲ. ಬೆಣ್ಣೆದೋಸೆ ಹೋಟೆಲಿಗೆ ಹೋದರೆ, ಬಾಗಿಲಲ್ಲಿ ಕಾಯುತ್ತಿರುವವರ ತಲೆಯ ಮೇಲಿಂದಲೇ ಮಾಲೀಕ "ಬರ್ರಿ ಸಾವ್ಕಾರ್ರೆ, ಇಲ್ಲಿ ಕೂಡ್ರಿ" ಎಂದು ಕರೆಯುತ್ತಾನೆ. ಅವರಿಗೆ ಗರ್ವವೇನೂ ಇಲ್ಲ. ಕಾಯುತ್ತಿರುವವರು ಅವರ ಕಣ್ಣಿಗೆ ಬೀಳುವುದೇ ಇಲ್ಲ, ಅಷ್ಟೇ.

ಇನ್ನು ಸ್ಕೂಟರಿನ ವಿಷಯ. ಮದುವೆಯಾದಾಗಿನಿಂದ ನಾನು ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲೇ ಓಡಾಡಿದವಳು. ಐವತ್ತು ಹತ್ತಿರವಾದ ಮೇಲೆ, ಸ್ಕೂಲಿನ ಮೈದಾನದಲ್ಲಿ ನನ್ನ ವಿದ್ಯಾರ್ಥಿನಿಯರ ಎದುರಿಗೇ ಎರಡು ಸಲ ಬಿದ್ದು, ಸ್ಕೂಟರ್ ಕಲಿತೆ. ಮೊದಲ ದಿನ ಸ್ಕೂಲು ಬಿಟ್ಟ ಮೇಲೆ ಸೀದಾ ಹೊಳೆ ದಂಡೆಗೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಯಾರನ್ನೂ ಕೇಳಿರಲಿಲ್ಲ, ಯಾವ ಬಸ್ಸೂ ತಪ್ಪುತ್ತಿರಲಿಲ್ಲ. ಇಷ್ಟು ವರ್ಷ ಅದೇ ಊರಿಗೆ ದಿನಾ ಹೋಗಿ ಬಂದವಳು ಹೊಳೆಯನ್ನು ಬಸ್ಸಿನ ಕಿಟಕಿಯಿಂದಲೂ ಸರಿಯಾಗಿ ನೋಡಿರಲಿಲ್ಲ. ಅವತ್ತು ನನಗೆ ಆದ ಸಂತೋಷವನ್ನು ಇವತ್ತಿಗೂ ಯಾರಿಗೂ ಕೊಡಲಾರೆ.

ಆ ಸಂತೋಷವೆಲ್ಲ ನಿಂತಿದ್ದು ಪೋರ್ಟಿಕೋದ ಒಂದು ಪ್ಲಗ್ಗಿನ ಮೇಲೆ. ಸ್ಕೂಟರು ಬಂದ ವರ್ಷದೊಳಗೇ ನಮ್ಮ ಮನೆಯವರು ಕರೆಂಟಿನ ಕಾರು ತಂದರು. ಅಂಗಡಿ, ಊರಂಚಿನ ಕರೂರಿನ ಕಾರ್ಖಾನೆಯಿಂದ ಚೀಲ ತರುವುದು, ಮೆಣಸಿನಕಾಯಿ ನೋಡಲು ಬ್ಯಾಡಗಿ, ಹೀಗೆ ಅವರದು ದಿನವೆಲ್ಲ ತಿರುಗಾಟ. ವೈರಿಂಗ್ ನೋಡಲು ಎಲೆಕ್ಟ್ರಿಷಿಯನ್ ರಫೀಕ್ ಬಂದ. ಪ್ಲಗ್ಗು ಬಿಚ್ಚಿ ನೋಡಿ, ತಿರುಗಿ ಮುಚ್ಚಿದ.

"ಸಾವ್ಕಾರ್ರೆ, ಈ ವೈರು ಒಂದು ಗಾಡಿ ತಡಕಂತೈತೆ. ಎರಡೂ ಒಟ್ಟಿಗೆ ಹಚ್ಚಬ್ಯಾಡ್ರಿ, ಗ್ವಾಡಿ ಒಳಗೇ ಬಿಸಿ ಆಗ್ತೈತೆ."

"ಒಳಗಿಂದ ಒಂದು ಎಕ್ಸ್‌ಟೆನ್ಷನ್ ಎಳಕಂಡ್ರೆ?"

"ಅದಂತೂ ಬ್ಯಾಡೇ ಬ್ಯಾಡ್ರಿ. ಲೋಡಿಗೆ ಅರ್ಜಿ ಕೊಡ್ರಿ. ಮಂಜೂರಾದ್ಮ್ಯಾಲೆ ನಾನೇ ಬಂದು ದಪ್ಪ ಲೈನು ಎಳೆದು ಕೊಡ್ತೀನಿ. ಅಲ್ಲಿ ತಂಕ ಒಂದಾದ ಮ್ಯಾಲೆ ಒಂದು."

ಅರ್ಜಿ ಕೊಟ್ಟೆವು. ಅರ್ಜಿ ಅದರ ಪಾಡಿಗೆ ಅದು ಕೂತಿತು. ಇಲ್ಲಿ ಒಂದಾದ ಮೇಲೆ ಒಂದು ಎಂಬ ಮಾತಿನ ಮೊದಲನೆಯ ಒಂದು ಯಾವಾಗಲೂ ಕಾರೇ ಆಗಿತ್ತು. ನಮ್ಮ ಮನೆಯವರು ಸಂಜೆ ಅಂಗಡಿಯಿಂದ ಬಂದವರೇ, ಕಾಲು ತೊಳೆಯುವ ಮುಂಚೆ ಕಾರನ್ನು ಹಚ್ಚುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಇದ್ದರೂ ಹಚ್ಚುತ್ತಿದ್ದರು. ಗೋಡೌನು ತುಂಬಿದ್ದರೇ ನಿದ್ದೆ ಬರುವ ಮನುಷ್ಯ, ಬ್ಯಾಟರಿಯ ವಿಷಯದಲ್ಲೂ ಹಾಗೆಯೇ. ನಾನು ಸ್ಪೆಷಲ್ ಕ್ಲಾಸ್ ಮುಗಿಸಿ ಬರುವಷ್ಟರಲ್ಲಿ ಪ್ಲಗ್ಗು ಕಾರಿನ ಪಾಲಾಗಿರುತ್ತಿತ್ತು.

"ನಿಂದು ಸಣ್ಣ ಗಾಡಿ ಗಿರಿಜಾ, ಅದಕ್ಕೆಷ್ಟು ಹೊತ್ತು ಬೇಕು? ಆಮ್ಯಾಲೆ ಹಚ್ಚಿದ್ರಾತು" ಎನ್ನುತ್ತಿದ್ದರು. ಕಾರು ತುಂಬುವ ಹೊತ್ತಿಗೆ ಬೆಳಗಾಗುತ್ತಿತ್ತು, ಆ ಆಮೇಲೆ ಎಂಬುದು ಬರುತ್ತಲೇ ಇರಲಿಲ್ಲ. ನಾನು ಬೆಳಿಗ್ಗೆ ತಿಂಡಿ ಮಾಡುವ ಹೊತ್ತಿನಲ್ಲಿ ಕದ್ದುಮುಚ್ಚಿ ಹಚ್ಚಿಕೊಂಡಷ್ಟು ಚಾರ್ಜಿನಲ್ಲಿ ಹರಿಹರ ತಲುಪಿ, ಸಂಜೆ ಉಸಿರು ಬಿಗಿ ಹಿಡಿದು ಮನೆ ಸೇರುತ್ತಿದ್ದೆ. ಹೊಳೆ ದಂಡೆಗೆ ಹೋಗುವುದು ನಿಂತೇ ಹೋಯಿತು.

ಒಂದು ದಿನ ಬೆಳಿಗ್ಗೆ ನನಗೆ ಕೊಡದ ನೆನಪು ಬಂತು. ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಪ್ಲಗ್ಗಿನ ಕೆಳಗೆ ಇಟ್ಟು ಸ್ಕೂಲಿಗೆ ಹೋದೆ. ಯಾರಿಗೂ ಏನೂ ಹೇಳಲಿಲ್ಲ. ಕೊಡ ಇಟ್ಟ ಮೇಲೆ ಬಾಯಿಬಿಟ್ಟು ಹೇಳುವುದು ಇನ್ನೇನಿರುತ್ತದೆ ಎಂಬುದು ಹರಿಹರದವಳ ಬುದ್ಧಿ. ಸಂಜೆ ಬಂದು ನೋಡಿದರೆ ಕಾರು ಪ್ಲಗ್ಗಿಗೆ ಅಂಟಿಕೊಂಡಿತ್ತು, ಕೊಡ ತುಳಸಿ ಕಟ್ಟೆಯ ಪಕ್ಕಕ್ಕೆ ಹೋಗಿತ್ತು. ಮಾರನೆಯ ಬೆಳಿಗ್ಗೆ ನನಗೆ ಪರೀಕ್ಷೆಯ ಡ್ಯೂಟಿ. ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿನ ತನಕ ಹೋಗುವಷ್ಟು ಚಾರ್ಜಿತ್ತು, ಹಾಗಾಗಿ ಬಸ್‌ಸ್ಟ್ಯಾಂಡಿಗೇ ಹೋದೆ.

ಅವತ್ತು ಸಂಜೆ ನಾನು ನಮ್ಮ ಮನೆಯವರಿಗೆ ಚಹಾ ಕೊಡುವ ಮುಂಚೆಯೇ ಕೇಳಿದೆ.

"ನನ್ನ ಕೊಡ ಯಾಕ ಸರಿಸಿದ್ರಿ?"

"ಕೊಡಾನಾ? ಪ್ಲಗ್ಗಿನ ಬುಡಕ್ಕೆ ಕೊಡ ಇಡ್ತಾರಾ ಯಾರಾದ್ರೂ? ನೀರು, ಕರೆಂಟು ಎರಡೂ ಕೂಡಿದ್ರೆ ಏನಾಗ್ತೈತೆ ಅಂತ ಸೈನ್ಸ್ ಟೀಚರಿಗೆ ನಾನು ಹೇಳಬೇಕಾ?"

"ಅದು ಖಾಲಿ ಕೊಡ. ನನ್ನ ಪಾಳಿಗೆ ಇಟ್ಟಿದ್ದು."

"ಖಾಲಿ ಕೊಡ ಇಟ್ಟು ಏನು ಮಾಡ್ತಿ?"

ಅವರು ನಿಜವಾಗಿಯೂ ಗೊತ್ತಿಲ್ಲದೆ ಕೇಳುತ್ತಿದ್ದರು. ಅದು ನನ್ನ ಸಿಟ್ಟನ್ನು ಇನ್ನಷ್ಟು ಏರಿಸಿತು. ಕಟ್ಟೆಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದ ನಮ್ಮ ಅತ್ತೆ ಕೈ ನಿಲ್ಲಿಸಿ ತಲೆಯೆತ್ತಿದರು. ಅವರು ಎಪ್ಪತ್ತು ದಾಟಿದವರು, ಮಲೇಬೆನ್ನೂರು ಕಡೆಯ ಒಂದು ಹಳ್ಳಿಯಿಂದ ಬಂದವರು. ಮಗನ ಮಾತಿಗೆ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ.

"ಕೊಡ ಸರಿಸಿದ್ಯಾ ನೀನು?" ಎಂದು ಕೇಳಿದರು.

"ಹೂಂ ಅವ್ವ, ಅಡ್ಡ ಇತ್ತು."

ಅತ್ತೆ ಎದ್ದು ಹೋಗಿ ಕೊಡವನ್ನು ತುಳಸಿ ಕಟ್ಟೆಯಿಂದ ತಂದು, ಸೆರಗಿನಿಂದ ಒರೆಸಿ, ಇದ್ದಲ್ಲೇ ಇಟ್ಟರು. ಆ ಒರೆಸುವ ರೀತಿ ನೋಡಿ ನನಗೆ ನಮ್ಮವ್ವನೇ ಬಂದು ನಿಂತಂತಾಯಿತು. ಈ ಮನೆಯ ಬಾವಿಗೆ ಬರುವ ಮುಂಚೆ ಅವರೂ ಎಲ್ಲೋ ಒಂದು ಸಾಲಿನಲ್ಲಿ ಕೊಡ ಇಟ್ಟವರು ಎಂಬುದು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ.

ಅದಾಗಿ ಕೆಲವೇ ದಿನಕ್ಕೆ ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ, ಹರಿಹರದ ಆಚೆ ಹೊಳೆ ದಂಡೆಯ ಉಕ್ಕಡಗಾತ್ರಿಯಲ್ಲಿರುವ ಅಜ್ಜಯ್ಯನ ಗದ್ದುಗೆಗೆ ಹೋಗಿ ಬರುವುದು ನಮ್ಮ ಅತ್ತೆಯ ನೇಮ. ಮಳೆ, ಜ್ವರ, ನೆಂಟರ ಮದುವೆ, ಯಾವುದಕ್ಕೂ ಅವರು ಅದನ್ನು ತಪ್ಪಿಸಿದ್ದನ್ನು ನಾನು ನೋಡಿಲ್ಲ. ಆ ಸಲ ಅದು ಭಾನುವಾರ ಬಿದ್ದಿತ್ತು. ಹಿಂದಿನ ಸಂಜೆ ನಾನು ಮೊದಲು ಬಂದು ಸ್ಕೂಟರ್ ಹಚ್ಚಿದ್ದೆ. ಬ್ಯಾಡಗಿಗೆ ಹೋಗಿ, ಅಲ್ಲಿಂದ ಇನ್ನೆರಡು ಊರು ಸುತ್ತಿ, ಕಾರನ್ನು ಹೆಚ್ಚುಕಡಿಮೆ ಖಾಲಿ ಮಾಡಿಕೊಂಡು ನಮ್ಮ ಮನೆಯವರು ಬಂದರು. ಪ್ಲಗ್ಗಿನ ಪಕ್ಕದಲ್ಲಿ, ಕೊಡದ ಹತ್ತಿರ, ಅವರ ತಾಯಿ ಮಣೆ ಹಾಕಿಕೊಂಡು ಕೂತಿದ್ದರು.

"ಅವ್ವ, ಸ್ವಲ್ಪ ಸರಿ. ಕಾರು ಹಚ್ಚಬೇಕು."

"ಅದರ ಪಾಳಿ ನಡದೈತೆ. ಮುಗೀಲಿ."

"ನಾಳೆ ನಿನ್ನೇ ಉಕ್ಕಡಗಾತ್ರಿಗೆ ಕರ್ಕೊಂಡು ಹೋಗಾದು. ಈಗ ಹಚ್ಚಲಿಲ್ಲ ಅಂದ್ರೆ ಹೆಂಗೆ ಹೋಗ್ತಿ? ಅಜ್ಜಯ್ಯನ ದರ್ಶನ ಬ್ಯಾಡೇನು?"

"ಅಜ್ಜಯ್ಯ ಕಾರಿನಾಗೇ ಬಾ ಅಂದಾನೇನು?"

ನನಗೆ ಹೆದರಿಕೆಯಾಯಿತು. ನನ್ನ ಒಂದು ಹಟಕ್ಕೆ ಅವರ ಇಷ್ಟು ವರ್ಷದ ನೇಮ ತಪ್ಪುವುದು ಬೇಡವೆಂದು ಸ್ಕೂಟರಿನ ವೈರಿಗೆ ಕೈ ಹಾಕಿದೆ. ಅತ್ತೆ ನನ್ನ ಕೈ ಹಿಡಿದರು.

"ನೀ ಸುಮ್ನಿರು ಗಿರಿಜಾ. ಸಾವ್ಕಾರ ಬಂದ ಅಂತ ಇವತ್ತು ಬಿಟ್ಟುಕೊಟ್ರೆ, ನಾಳೆ ಸಾಲು ಅನ್ನಾದೇ ಇರಲ್ಲ."

ಸ್ಕೂಟರ್ ತುಂಬಿದ ಮೇಲೆ ತಾವೇ ಬದಲಿಸುವುದಾಗಿ ಹೇಳಿ ನಮ್ಮ ಮನೆಯವರು ಊಟ ಮಾಡಿ, ಹಾಗೇ ಸ್ವಲ್ಪ ಅಡ್ಡಾದರು. ಬ್ಯಾಡಗಿಯ ಬಿಸಿಲು ತಿಂದು ಬಂದ ಜೀವ, ಕಣ್ಣು ಬಿಟ್ಟಾಗ ಬೆಳಕು ಹರಿದಿತ್ತು. ಸ್ಕೂಟರು ತುಂಬಿತ್ತು, ಕಾರು ನಿನ್ನೆಯಷ್ಟೇ ಖಾಲಿ. ಅವರು ಗಾಬರಿಯಾಗಲಿಲ್ಲ. ಹೈವೇ ಮೇಲೆ ಫಾಸ್ಟ್ ಚಾರ್ಜರ್ ಇದೆ, ಹೀಗೆ ಹೋಗಿ ಹಾಗೆ ಬರುತ್ತೇನೆ ಎಂದು ಧೈರ್ಯವಾಗಿ ಹೊರಟರು. ಅತ್ತೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕಾಯಿ ಕರ್ಪೂರದ ಚೀಲ ಹಿಡಿದು ಕಟ್ಟೆಯ ಮೇಲೆ ಕೂತರು. ಬಿಸಿಲು ತುಳಸಿ ಕಟ್ಟೆಯನ್ನು ದಾಟಿ ಅವರ ಕಾಲ ಬುಡಕ್ಕೆ ಬಂದರೂ ಕಾರು ಬರಲಿಲ್ಲ.

"ನಿಂದು ತುಂಬೈತಲ್ಲ?" ಎಂದು ಅತ್ತೆ ಕೇಳಿದರು.

"ತುಂಬೈತ್ರಿ. ಆದ್ರೆ ಅಷ್ಟು ದೂರ, ನೀವು ಸ್ಕೂಟರಿನ ಮ್ಯಾಲೆ..."

"ನಾನೇನು ಹೊಡೀತೀನಾ? ಕೂಡ್ರಾದು ತಾನೆ."

ಸೆರಗಿನ ಮೇಲೆ ಹೆಲ್ಮೆಟ್ ಹಾಕಿ, ಬೆಲ್ಟು ಬಿಗಿದು, ಕಾಯಿಯ ಚೀಲವನ್ನು ಮುಂದಿನ ಕೊಕ್ಕೆಗೆ ಸಿಕ್ಕಿಸಿ ಹೊರಟೆವು. ದಾವಣಗೆರೆ ದಾಟುವ ತನಕ ಅವರು ನನ್ನ ಭುಜವನ್ನು ಹಿಡಿದ ಬಿಗಿಗೆ ನನಗೆ ತೋಳು ಜೋಮು ಹಿಡಿಯಿತು. ಹರಿಹರ ದಾಟಿ ಗದ್ದೆ ಬಯಲು ಶುರುವಾದ ಮೇಲೆ ಆ ಹಿಡಿತ ಸಡಿಲಾಯಿತು. ಕಾಲುವೆಯ ನೀರು ರಸ್ತೆಯ ಪಕ್ಕಕ್ಕೇ ಓಡುತ್ತಿತ್ತು, ಭತ್ತ ಹಾಲು ತುಂಬುವ ಸಮಯ. ಹೆಲ್ಮೆಟ್ಟಿನ ಒಳಗಿಂದ ಅತ್ತೆ ಮಾತಾಡತೊಡಗಿದರು.

"ಅಲ್ನೋಡು, ನಮ್ಮೂರ ದಾರಿ. ಈ ಗದ್ದಿ ಬದುವಿನ ಮ್ಯಾಲೆ ನಾನು ಬುತ್ತಿ ಹೊತ್ಕಂಡು ಓಡ್ತಿದ್ದೆ. ಕಾರಿನಾಗ ಇವನು ಗ್ಲಾಸ್ ಏರಿಸಿ ಎ.ಸಿ. ಹಾಕಿರ್ತಾನೆ, ಗದ್ದಿ ವಾಸ್ನೀನೇ ಬರಲ್ಲ."

ಇಷ್ಟು ವರ್ಷ ಅದೇ ದಾರಿಯಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಅವರು ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಅಜ್ಜಯ್ಯನ ಧ್ಯಾನವೆಂದು ನಾವೆಲ್ಲ ತಿಳಿದುಕೊಂಡಿದ್ದೆವು.

ಉಕ್ಕಡಗಾತ್ರಿಯಲ್ಲಿ ಅಮಾವಾಸ್ಯೆಯ ಜನ. ಕಾರುಗಳನ್ನೆಲ್ಲ ದೂರದಲ್ಲೇ ತಡೆದಿದ್ದರು. ನಾವು ಸಂದಿಯಲ್ಲಿ ನುಸುಳಿ ಹೊಳೆಯ ಹತ್ತಿರದ ತನಕ ಹೋದೆವು. ಅತ್ತೆ ಕಾಲು ತೊಳೆದು, ದರ್ಶನದ ಸಾಲಿನಲ್ಲಿ ನಿಂತು, ಕಾಯಿ ಒಡೆಸಿ ಬಂದರು. ಏನು ಬೇಡಿಕೊಂಡಿರಿ ಎಂದು ಕೇಳಿದೆ. ಚಾರ್ಜು ಸಾಲಲಿ ಅಂತ ಎಂದರು.

ಚಾರ್ಜೇನೋ ಸಾಲುತ್ತಿತ್ತು. ಆದರೂ ಧೈರ್ಯಕ್ಕೆ ಇರಲೆಂದು ಬರುವಾಗ ಹರಿಹರದ ನಮ್ಮ ಅಣ್ಣನ ಮನೆಯಲ್ಲಿ ಸ್ಕೂಟರನ್ನು ಹಚ್ಚಿದೆವು. ಮನೆಯಲ್ಲಿ ಚಾರ್ಜು ಮಾಡುವ ದಾರಿಗಳ ಬಗ್ಗೆ ನಾನು ಮಾಡುವ ಭಾಷಣದಲ್ಲಿ ತವರು ಮನೆಯನ್ನೂ ಅವತ್ತಿನಿಂದ ಸೇರಿಸಿಕೊಂಡಿದ್ದೇನೆ. ಅತ್ತಿಗೆ ಊಟ ಹಾಕಿ, ಇಬ್ಬರಿಗೂ ಉಡಿ ತುಂಬಿದರು. ಅತ್ತೆ ಓಣಿಯಲ್ಲಿ ನಿಂತು ನಲ್ಲಿ ಎಲ್ಲಿತ್ತು ಎಂದು ಕೇಳಿದರು. ತೋರಿಸಿದೆ. ಈಗ ಅಲ್ಲಿ ಬಾಯಿ ಮುಚ್ಚಿದ ಒಂದು ಪೈಪಿನ ತುಂಡು ಇದೆ, ಅಷ್ಟೇ.

ನಾವು ಮನೆಗೆ ಬಂದಾಗ ನಮ್ಮ ಮನೆಯವರು ಪೋರ್ಟಿಕೋದಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು.

"ಅವ್ವ, ಏನು ಅನ್ಯಾಯ ಅಂತಿ. ನನ್ನ ಮುಂದೆ ಎರಡು ಕಾರಿದ್ವು. ಕಾದೆ. ಇನ್ನೇನು ನಂದು ಅನ್ನಾವಾಗ ಒಂದು ಚಾ ಕುಡದು ಬರಾನ ಅಂತ ಹೋದೆ. ಬಂದು ನೋಡಿದ್ರೆ ಯಾವನೋ ತಂದು ಹಚ್ಚಿಬಿಟ್ಟಾನ. ಕೇಳಿದ್ರೆ, ಇಲ್ಲಿ ಯಾರೂ ಇರಲಿಲ್ಲ ಅಂತಾನ."

ಅತ್ತೆ ಹೆಲ್ಮೆಟ್ ತೆಗೆದು ಸೆರಗು ಸರಿ ಮಾಡಿಕೊಂಡರು.

"ಕೊಡ ಇಟ್ಟು ಹೋಗಬೇಕಿತ್ತು" ಎಂದರು.

ನಗಬಾರದೆಂದು ನಾನು ಒಳಗೆ ಹೋದೆ. ಮಾರನೆಯ ಸಂಜೆ ಅವರು ಅಂಗಡಿಯಿಂದ ಬರುವಾಗ ಮಂಡಿಪೇಟೆಯ ಪಾತ್ರೆ ಅಂಗಡಿಯಿಂದ ಹೊಸ ಸ್ಟೀಲಿನ ಕೊಡವೊಂದನ್ನು ತಂದರು. ಅಂಗಡಿಯ ಚೀಟಿಯನ್ನೂ ಕೀಳದೆ, ನನ್ನ ಹಿತ್ತಾಳೆ ಕೊಡದ ಹಿಂದೆ ಇಟ್ಟು, ಕಾಲು ತೊಳೆಯಲು ಹೋದರು. ಆ ವಾರವೇ ಒಂದು ಸಂಜೆ ನಾನು ಮತ್ತೆ ಹೊಳೆ ದಂಡೆಗೆ ಹೋಗಿ, ಕತ್ತಲಾಗುವ ತನಕ ನಿಂತು ಬಂದೆ.

ಆಮೇಲೆ ಲೋಡು ಮಂಜೂರಾಯಿತು. ರಫೀಕ್ ಬಂದು ದಪ್ಪ ಲೈನು ಎಳೆದು, ಅರ್ಥಿಂಗಿಗೆ ಹೊಸ ಗುಂಡಿ ತೆಗೆಸಿ, ಕಾರಿಗೆ ಗೋಡೆಯ ಪೆಟ್ಟಿಗೆ, ಸ್ಕೂಟರಿಗೆ ಬೇರೆ ಪ್ಲಗ್ಗು ಹಾಕಿಕೊಟ್ಟ. ಈಗ ಎರಡೂ ಒಟ್ಟಿಗೆ ತುಂಬುತ್ತವೆ. ಯಾರೂ ಯಾರಿಗೂ ಕಾಯಬೇಕಿಲ್ಲ. ಕೊಡವನ್ನು ಅಟ್ಟಕ್ಕೆ ಹಾಕಲು ಎತ್ತಿಕೊಂಡಾಗ ಅತ್ತೆ ಬೇಡವೆಂದರು. "ಅಲ್ಲೇ ಇರಲಿ ಬಿಡು, ಏನು ತಿಂತೈತೆ?"

ಅವರು ಯಾಕೆ ಹಾಗೆಂದರು ಎಂಬುದು ಮುಂದಿನ ಅಮಾವಾಸ್ಯೆಯ ಹಿಂದಿನ ಸಂಜೆ ತಿಳಿಯಿತು. ಕಾರು, ಸ್ಕೂಟರು ಎರಡೂ ಪೋರ್ಟಿಕೋದಲ್ಲಿ ತುಂಬಿಕೊಳ್ಳುತ್ತ ನಿಂತಿದ್ದವು. ನನ್ನ ಹಿತ್ತಾಳೆ ಕೊಡ, ಅದರ ಹಿಂದೆ ಸ್ಟೀಲಿನ ಕೊಡ, ಅದರ ಹಿಂದೆ ಒಂದು ಪುಟ್ಟ ತಾಮ್ರದ ಚೊಂಬು. ದೇವರ ಮನೆಯದು, ಆಗಷ್ಟೇ ಬೆಳಗಿದ್ದು.

"ಇದ್ಯಾರ್ದು ಅವ್ವ?" ಎಂದು ನಮ್ಮ ಮನೆಯವರು ಕೇಳಿದರು.

"ನಂದು" ಎಂದರು ಅತ್ತೆ, ಬತ್ತಿ ಹೊಸೆಯುತ್ತಲೇ. "ನಾಳೆ ಅಮಾಸಿ. ಕಾರು ಬ್ಯಾಡ, ಸ್ಕೂಟರಿನಾಗ ಹೋಗ್ತೀನಿ. ಅದಕ್ಕ ಪಾಳಿಗೆ ಇಟ್ಟೀನಿ."

ನಮ್ಮ ಮನೆಯವರು ಆ ಸಾಲನ್ನೊಮ್ಮೆ ನೋಡಿ, ಬಗ್ಗಿ ಚೊಂಬಿಗೆ ಕೈ ಹಾಕಿದರು. ಇನ್ನೊಬ್ಬರ ಪಾತ್ರೆ ಮುಟ್ಟಬಾರದೆಂದು ಇಷ್ಟಾದರೂ ಕಲಿಯಲಿಲ್ಲವಲ್ಲ ಈ ಮನುಷ್ಯ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಅವರು ಅದನ್ನು ಎತ್ತಿ, ತಮ್ಮ ಅಂಗಿಯ ತುದಿಯಿಂದ ಒರೆಸಿ, ತಮ್ಮ ಕೊಡದ ಮುಂದೆ ಇಟ್ಟರು.